ಔಷಧಕ್ಕೆ ಬಗ್ಗದ ಗುಲಾಬಿ ಗಂಟು: ಮಾವಳದ ಒಂದು ಪಾಲಿಹೌಸಿನ ಪ್ರಕರಣ ಅಧ್ಯಯನ

ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ, ತಳೇಗಾಂವ ದಾಭಾಡೆ ಮತ್ತು ಅದರ ಸುತ್ತಮುತ್ತ, ಗುಲಾಬಿ ಬೆಳೆಯುವ ಪಾಲಿಹೌಸುಗಳು ಬಹಳಷ್ಟಿವೆ. ಫೆಬ್ರುವರಿ 14ರ ಮಾರುಕಟ್ಟೆಗಾಗಿ ಉದ್ದ ದಂಟಿನ ಕೆಂಪು ಗುಲಾಬಿಯನ್ನು ಇಲ್ಲಿಂದ ಹೊರದೇಶಗಳಿಗೆ ಕಳಿಸುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಹೂವು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೂ ಮುಂಬಯಿಯ ದಾದರ್ ಮಾರುಕಟ್ಟೆಗೂ ಹೋಗುತ್ತದೆ. ಈ ಅಧ್ಯಯನಕ್ಕೆ ವಸ್ತುವಾದ ಪಾಲಿಹೌಸು ಅಲ್ಲಿಯದೇ. ಅದನ್ನು ನಡೆಸುವ ಕುಟುಂಬ ಬೆಳಗಾವಿ ಜಿಲ್ಲೆಯ ಅಥಣಿ ಕಡೆಯಿಂದ ಬಂದು ನೆಲೆಸಿದ್ದು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳವರು. ಪುಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಈ ಕುಟುಂಬದ ಪರಿಚಯವಿದ್ದುದರಿಂದ, ತೋಟದಲ್ಲಿ ತೊಂದರೆ ಕಾಣಿಸಿಕೊಂಡಾಗ ಅವರು ಗಂಟು ಕಟ್ಟಿದ ಒಂದೆರಡು ಗಿಡಗಳನ್ನು ಬುಡಸಮೇತ ಕಿತ್ತು ಪ್ರಯೋಗಾಲಯಕ್ಕೆ ತಂದರು.

ಹಿಂದಿನ ವರ್ಷ ನೆಟ್ಟ ಬೆಡ್ಡುಗಳಲ್ಲಿ, ಮಳೆಗಾಲದ ನಡುವೆ, ಗಿಡಗಳ ಬುಡದಲ್ಲಿ ಗಂಟುಗಳು ಎದ್ದಿದ್ದವು. ಹೂವಿನ ದಂಟು ಗಿಡ್ಡವಾಗತೊಡಗಿತ್ತು. ಅಂಗಡಿಯವರ ಸಲಹೆಯಂತೆ ಮೊದಲು ತಾಮ್ರದ ಆಕ್ಸಿಕ್ಲೋರೈಡ್, ಬಳಿಕ ಸ್ಟ್ರೆಪ್ಟೊಮೈಸಿನ್ ಬೆರೆತ ಪುಡಿಯನ್ನು ಸಿಂಪಡಿಸಿದ್ದರು, ಬುಡಕ್ಕೂ ಸುರಿದಿದ್ದರು. ಗಂಟುಗಳು ಬಾಡಲಿಲ್ಲ, ಕರಗಲಿಲ್ಲ. ಮೊದಲಿನ ವೇಗದಲ್ಲಿಯೇ ದಪ್ಪವಾಗುತ್ತ ಹೋದವು. ತೋಟದ ಹಿರಿಯರು ಕೇಳಿದ ಪ್ರಶ್ನೆ ಇಷ್ಟೇ: “ಬ್ಯಾಕ್ಟೀರಿಯಾ ಸತ್ತಿದ್ರ ಗಂಟ್ಯಾಕ ಬೆಳ್ಯಾಕತ್ತೈತ್ರಿ ಸರ?”

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಔಷಧದ ಡಬ್ಬಿಯ ಮೇಲಿನ ಚೀಟಿಯಲ್ಲಿ ಸಿಗುವಂಥದ್ದಲ್ಲ. ಹೂಬಿಡುವ ಸಸ್ಯದ ಕೋಶವು ಯಾವಾಗ ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ನಿರ್ಧರಿಸುವ ಪ್ರೋಟೀನುಗಳ ವ್ಯವಸ್ಥೆಯನ್ನು ತಿಳಿದಾಗ ಮಾತ್ರ ಅದು ಸಿಗುತ್ತದೆ. ತೋಟದಲ್ಲಿ ಮುಂದೆ ಏನನ್ನು ಕೀಳಬೇಕು, ಏನನ್ನು ಉಳಿಸಬೇಕು, ಯಾವ ದಿನ ಔಷಧ ಹಚ್ಚಬೇಕು ಎಂಬ ತೀರ್ಮಾನಗಳೆಲ್ಲ ಅದೇ ತಿಳಿವಳಿಕೆಯ ಮೇಲೆ ನಿಂತವು.

ಕಂಡ ಲಕ್ಷಣಗಳು

ಗಿಡಗಳು ನಟಾಲ್ ಬ್ರಯರ್ ಎಂಬ ಬೇರುಗಿಡದ ಮೇಲೆ ಕಸಿ ಮಾಡಿದ ಕೆಂಪು ಡಚ್ ಗುಲಾಬಿಗಳು; ಕೊಕೊಪೀಟ್ ತುಂಬಿದ ಕುಂಡಗಳಲ್ಲಿ ಡ್ರಿಪ್ ನೀರಿನ ಮೇಲೆ ಬೆಳೆದವು. ಗಂಟುಗಳು ಎಲ್ಲೆಂದರಲ್ಲಿ ಇರಲಿಲ್ಲ. ಹೆಚ್ಚಿನವು ಕಸಿ ಕೂಡಿದ ಸಂದಿಯಲ್ಲಿದ್ದವು; ಉಳಿದವು ಬೆಂಡಿಂಗ್ ಮಾಡಿದ ಕೊಂಬೆಗಳ ತಿರುವಿನಲ್ಲಿದ್ದವು. ಬೆಂಡಿಂಗ್ ಎಂದರೆ, ಒಳ್ಳೆಯ ಹೂವು ಕೊಡಲಾರದ ತೆಳು ಕೊಂಬೆಗಳನ್ನು ಕತ್ತರಿಸದೆ ಬುಡದ ಬಳಿ ಬಾಗಿಸಿ ಓಡಾಡುವ ಹಾದಿಯ ಕಡೆಗೆ ಇಳಿಬಿಡುವುದು. ಬಾಗಿದ ಕೊಂಬೆಯ ಎಲೆಗಳು ಸಕ್ಕರೆ ತಯಾರಿಸುತ್ತಲೇ ಇರುತ್ತವೆ, ಬುಡದಿಂದ ದಪ್ಪ ಚಿಗುರು ಎದ್ದು ಬರುತ್ತದೆ. ಅವಸರದಲ್ಲಿ ಬಾಗಿಸಿದಾಗ ತಿರುವಿನ ಹೊರಮೈಯಲ್ಲಿ ತೊಗಟೆ ಉದ್ದಕ್ಕೆ ಸೀಳುತ್ತದೆ. ಆ ಸೀಳುಗಳ ಅಂಚಿನಲ್ಲಿಯೇ ಗಂಟುಗಳು ಹುಟ್ಟಿದ್ದವು.

ಎಳೆಯ ಗಂಟು ಬಿಳಿ ಮಿಶ್ರಿತ ಹಸಿರಾಗಿದ್ದು, ಉಗುರಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆದುವಾಗಿತ್ತು. ಹಳೆಯದು ಕಂದು ಬಣ್ಣಕ್ಕೆ ತಿರುಗಿ, ಮೇಲ್ಮೈ ಹೂಕೋಸಿನ ಗಡ್ಡೆಯಂತೆ ಉಬ್ಬುತಗ್ಗಾಗಿ, ಚಾಕುವಿಗೆ ಜಗ್ಗದಷ್ಟು ಗಟ್ಟಿಯಾಗಿತ್ತು. ಕತ್ತರಿಸಿ ನೋಡಿದರೆ ಕೊಳೆತ ಭಾಗವಿಲ್ಲ, ಕೀವಿಲ್ಲ, ದುರ್ವಾಸನೆಯಿಲ್ಲ, ಹುಳು ಕೊರೆದ ಪೊಳ್ಳೂ ಇಲ್ಲ. ಆರೋಗ್ಯವಂತ ಕಾಂಡದಲ್ಲಿ ಕ್ರಮವಾಗಿ ಸುತ್ತುವರಿದಿರುವ ಕಟ್ಟಿಗೆಯ ಉಂಗುರದ ಜಾಗದಲ್ಲಿ, ಎತ್ತೆತ್ತಲೋ ತಿರುಚಿಕೊಂಡ ನೀರುಗೊಳವೆಗಳ ಗುಂಪುಗಳು ಮೃದು ಅಂಗಾಂಶದ ನಡುವೆ ಚದುರಿದ್ದವು. ಬದುಕಿರುವ, ಉಂಡು ಬೆಳೆಯುತ್ತಿರುವ ಸಸ್ಯಭಾಗವೇ ಅದು. ದಂಟು ಗಿಡ್ಡವಾಗಲು ಕಾರಣವೂ ಅಲ್ಲೇ ಇದೆ: ಗಂಟು ತನ್ನ ಕಡೆಗೆ ನೀರನ್ನೂ ಸಕ್ಕರೆಯನ್ನೂ ಸೆಳೆದುಕೊಳ್ಳುತ್ತದೆ, ಬಿರುಕು ಬಿಟ್ಟ ಅದರ ಮೇಲ್ಮೈಯಿಂದ ನೀರು ಆವಿಯಾಗಿ ಹೋಗುತ್ತದೆ, ಪಕ್ಕದ ಕಾಂಡದಲ್ಲಿ ಹೊಸದಾಗಿ ಹುಟ್ಟುವ ನೀರುಗೊಳವೆಗಳು ಕಿರಿದಾಗುತ್ತವೆ.

ಗುರುತಿಸಿದ ಬಗೆ

ಗಂಟಿಗೆ ಕಾರಣವಾಗಿರಬಹುದಾದ ಮೂರರ ಮೇಲೆ ಸಂಶಯವಿತ್ತು. ಬೇರುಗಂಟು ಜಂತುಹುಳುವಿನ ಬಾಧೆಯನ್ನು ಬೇಗನೆ ಕೈಬಿಡಲಾಯಿತು, ಏಕೆಂದರೆ ಬೇರುಗಳು ಶುಚಿಯಾಗಿದ್ದವು, ಗಂಟುಗಳಿದ್ದದ್ದು ನೆಲದ ಮೇಲೆ. ಕಸಿಯ ಗಾಯ ಮಾಗುವಾಗ ಸಹಜವಾಗಿ ಹುಟ್ಟುವ ಕ್ಯಾಲಸ್ ಎಂಬ ಅಂಗಾಂಶವೇ ಇದಾಗಿರಬಹುದೇ ಎಂಬುದು ಎರಡನೆಯ ಸಂಶಯ; ಆದರೆ ಕ್ಯಾಲಸ್ ಗಾಯ ಮುಚ್ಚಿದ ಕೂಡಲೇ ನಿಲ್ಲುತ್ತದೆ, ಇವು ಗಾಯ ಮುಚ್ಚಿ ತಿಂಗಳುಗಳಾದ ಮೇಲೂ ಬೆಳೆದಿದ್ದವು. ಉಳಿದದ್ದು ಬುಡಗಂಟು ರೋಗ. ಇದನ್ನು ತರುವ ಮಣ್ಣಿನ ಬ್ಯಾಕ್ಟೀರಿಯವನ್ನು 1907ರಲ್ಲಿ ಅಮೆರಿಕದ ಅರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ ಗುರುತಿಸಿದರು. ಇಂದು ಅದು ಆಗ್ರೊಬ್ಯಾಕ್ಟೀರಿಯಂ ಟ್ಯುಮಿಫೇಶಿಯೆನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಖಚಿತಪಡಿಸಿಕೊಳ್ಳಲು ಕ್ಯಾರೆಟ್ ಬಿಲ್ಲೆಯ ಪರೀಕ್ಷೆ ಮಾಡಲಾಯಿತು. ಇದಕ್ಕೆ ದುಬಾರಿ ಉಪಕರಣ ಬೇಡ. ಯಾವ ಕಾಲೇಜಿನಲ್ಲಾದರೂ ಮಾಡಬಹುದು. ಎಳೆಯ ಗಂಟಿನ ಒಳಭಾಗದಿಂದ ಪ್ರತ್ಯೇಕಿಸಿ ಬೆಳೆಸಿದ ಬ್ಯಾಕ್ಟೀರಿಯವನ್ನು ಶುದ್ಧ ನೀರಿನಲ್ಲಿ ಕದಡಿ, ಬ್ಲೀಚಿನಲ್ಲಿ ತೊಳೆದು ಕೊಯ್ದ ಕ್ಯಾರೆಟ್ ಬಿಲ್ಲೆಗಳ ಮೇಲೆ ಹನಿಸಿ, ತೇವ ಕಾಗದ ಹಾಸಿದ ಪೆಟ್ರಿ ತಟ್ಟೆಗಳಲ್ಲಿ ಮುಚ್ಚಿಟ್ಟೆವು. ಮೂರನೆಯ ವಾರದ ಹೊತ್ತಿಗೆ ಬಿಲ್ಲೆಯ ನಡುಭಾಗಕ್ಕೂ ಹೊರಭಾಗಕ್ಕೂ ಮಧ್ಯೆ ತಿಳಿಯಾಗಿ ಕಾಣುವ ಗೆರೆಯ ಉದ್ದಕ್ಕೂ ಬಿಳಿ ಗುಳ್ಳೆಗಳು ಎದ್ದು ಒಂದು ಬಳೆಯಾಗಿ ಕೂಡಿಕೊಂಡವು. ಬರಿಯ ನೀರು ಹನಿಸಿದ ಬಿಲ್ಲೆಗಳಲ್ಲಿ ತೆಳುವಾದ ಕ್ಯಾಲಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಗುಳ್ಳೆಗಳು ಬಿಲ್ಲೆಯ ತುಂಬ ಏಳದೆ ಆ ಗೆರೆಯ ಮೇಲಷ್ಟೇ ಎದ್ದದ್ದನ್ನು ವಿದ್ಯಾರ್ಥಿಗಳು ಗಮನಿಸಿದರು. ಆ ಗೆರೆಯೇ ಕ್ಯಾಂಬಿಯಂ, ಅಂದರೆ ವಿಭಜಿಸುವ ಶಕ್ತಿಯನ್ನು ಉಳಿಸಿಕೊಂಡ ಕೋಶಗಳ ಪದರ. ಬ್ಯಾಕ್ಟೀರಿಯ ಎಲ್ಲ ಕಡೆ ಬಿದ್ದಿತ್ತು, ಉತ್ತರ ಕೊಟ್ಟದ್ದು ಆ ಪದರ ಮಾತ್ರ.

ಕೋಶವನ್ನು ತಡೆಯುವ, ಬಿಡುವ ಪ್ರೋಟೀನುಗಳು

ಗಿಡದ ಪ್ರತಿಯೊಂದು ಜೀವಂತ ಕೋಶದಲ್ಲಿಯೂ ವಿಭಜನೆಗೆ ಬೇಕಾದ ವಂಶವಾಹಿಗಳೆಲ್ಲ ಇದ್ದೇ ಇರುತ್ತವೆ. ಹಾಗಿದ್ದೂ ಚಿಗುರಿನ ತುದಿ, ಬೇರಿನ ತುದಿ, ಕ್ಯಾಂಬಿಯಂ, ಎಳೆಯ ಎಲೆ ಮುಂತಾದ ಕೆಲವೇ ಜಾಗಗಳಲ್ಲಿ ಕೋಶಗಳು ಎರಡಾಗುತ್ತವೆ. ಉಳಿದವು ತಮ್ಮ ಕೆಲಸದಲ್ಲಿ ತೊಡಗಿ, ಡಿಎನ್‌ಎ ನಕಲಾಗುವುದಕ್ಕೆ ಮೊದಲಿನ ಹಂತದಲ್ಲಿ, ಅಂದರೆ ಜಿ1 ಹಂತದಲ್ಲಿ, ನಿಂತಿರುತ್ತವೆ. ಅವು ನಿಂತಿರುವುದು ಶಕ್ತಿಯಿಲ್ಲದೆ ಅಲ್ಲ. ಅವನ್ನು ನಿಲ್ಲಿಸಿಡುವ ಪ್ರೋಟೀನುಗಳಿವೆ.

ಈ ವ್ಯವಸ್ಥೆಯ ಕೇಂದ್ರದಲ್ಲಿ ಸೈಕ್ಲಿನ್ ಅವಲಂಬಿತ ಕೈನೇಸ್ ಎಂಬ ಕಿಣ್ವವಿದೆ; ಸಂಕ್ಷಿಪ್ತವಾಗಿ ಸಿಡಿಕೆ. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವುದು ಅದರ ಕೆಲಸ. ಒಂಟಿಯಾಗಿದ್ದಾಗ ಅದು ನಿಷ್ಕ್ರಿಯ; ಸೈಕ್ಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಕೂಡಿಕೊಂಡಾಗಲೇ ಅದಕ್ಕೆ ಚಟುವಟಿಕೆ. ಟಿಮ್ ಹಂಟ್ 1982ರಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಲ್ಲಿ ಸೈಕ್ಲಿನ್ನನ್ನು ಕಂಡರು. ಯೀಸ್ಟಿನಲ್ಲಿ ಕೋಶಚಕ್ರದ ವಂಶವಾಹಿಗಳನ್ನು ಶೋಧಿಸಿದ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಅವರೊಡನೆ 2001ರಲ್ಲಿ ನೊಬೆಲ್ ಪಡೆದರು. ಗುಲಾಬಿಯಲ್ಲಿಯೂ ಇದೇ ಮನೆತನದ ಪ್ರೋಟೀನುಗಳಿವೆ. ಹೂಬಿಡುವ ಸಸ್ಯಗಳಲ್ಲಿ ಈ ಕೆಲಸಕ್ಕೆ ಮುಖ್ಯವಾದವು ಎರಡು ಬಗೆ: ಚಕ್ರದ ಉದ್ದಕ್ಕೂ ಇರುವ ಎ ಬಗೆಯ ಸಿಡಿಕೆ, ಮತ್ತು ವಿಭಜನೆ ಹತ್ತಿರ ಬಂದಾಗ ಮಾತ್ರ ತಯಾರಾಗುವ ಬಿ ಬಗೆಯ ಸಿಡಿಕೆ. ಎರಡನೆಯದು ಪ್ರಾಣಿಗಳಲ್ಲಿ ಇಲ್ಲ, ಸಸ್ಯಗಳಿಗೇ ಮೀಸಲು.

ನಮ್ಮ ಪ್ರಕರಣಕ್ಕೆ ನಿರ್ಣಾಯಕವಾದದ್ದು ಜಿ1ರ ಕೊನೆಯ ತಡೆ. ಡಿಎನ್‌ಎ ನಕಲು ಮಾಡುವ ವಂಶವಾಹಿಗಳನ್ನು ಚಾಲೂ ಮಾಡಬಲ್ಲ ಇ2ಎಫ್ ಎಂಬ ಪ್ರೋಟೀನುಗಳು ಸುಮ್ಮನಿರುವ ಕೋಶದಲ್ಲಿಯೂ ಇರುತ್ತವೆ, ಆದರೆ ಆರ್‌ಬಿಆರ್ ಎಂಬ ಮತ್ತೊಂದು ಪ್ರೋಟೀನು ಅವನ್ನು ಹಿಡಿದಿಟ್ಟುಕೊಂಡಿರುತ್ತದೆ. ಮನುಷ್ಯರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರಿಗೆ ಸಂಬಂಧಿಸಿದಂತೆ ಮೊದಲು ಪತ್ತೆಯಾದ ಆರ್‌ಬಿ ಪ್ರೋಟೀನಿನ ಸಸ್ಯರೂಪವೇ ಇದು. ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಇದರ ವಂಶವಾಹಿ ಒಂದೇ ಒಂದಿದ್ದು, ಅದು ಕೆಟ್ಟರೆ ಅಂಡಕೋಶದ ಹಂತದಲ್ಲಿಯೇ ಬೆಳವಣಿಗೆ ಹಾಳಾಗುತ್ತದೆ. ಡಿ ಬಗೆಯ ಸೈಕ್ಲಿನ್ ಹುಟ್ಟಿ ಸಿಡಿಕೆಯನ್ನು ಕೂಡಿಕೊಂಡಾಗ, ಆ ಜೋಡಿ ಆರ್‌ಬಿಆರ್‌ಗೆ ಫಾಸ್ಫೇಟುಗಳನ್ನು ಅಂಟಿಸುತ್ತದೆ. ಆರ್‌ಬಿಆರ್ ಹಿಡಿತ ಸಡಿಲಿಸುತ್ತದೆ. ಬಿಡುಗಡೆಯಾದ ಇ2ಎಫ್ ಡಿಎನ್‌ಎ ನಕಲಿಗೆ ಬೇಕಾದ ಕಿಣ್ವಗಳನ್ನು ತಯಾರಿಸುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಇದಲ್ಲದೆ ಸಿಡಿಕೆ-ಸೈಕ್ಲಿನ್ ಜೋಡಿಗೇ ಅಂಟಿಕೊಂಡು ಅದನ್ನು ನಿಲ್ಲಿಸುವ ಕೆಆರ್‌ಪಿ ಎಂಬ ತಡೆ ಪ್ರೋಟೀನುಗಳೂ ಇವೆ. ಅರಾಬಿಡಾಪ್ಸಿಸ್‌ನಲ್ಲಿ ಅಂಥವು ಏಳು.

ಹಾಗಾದರೆ ಡಿ ಸೈಕ್ಲಿನ್ನನ್ನು ಹುಟ್ಟಿಸುವವರು ಯಾರು? ಇಲ್ಲಿ ಸಸ್ಯಹಾರ್ಮೋನುಗಳು ಬರುತ್ತವೆ. ಡಿ3 ಎಂಬ ಸೈಕ್ಲಿನ್ನಿನ ವಂಶವಾಹಿಯನ್ನು ಸೈಟೊಕೈನಿನ್ ಎಂಬ ಹಾರ್ಮೋನು ಚುರುಕುಗೊಳಿಸುತ್ತದೆ. 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಸೈಕ್ಲಿನ್ನನ್ನು ಕೃತಕವಾಗಿ ಹೆಚ್ಚಿಸಿದ ಅರಾಬಿಡಾಪ್ಸಿಸ್ ಅಂಗಾಂಶವು ಹೊರಗಿನಿಂದ ಸೈಟೊಕೈನಿನ್ ಕೊಡದಿದ್ದರೂ ಕ್ಯಾಲಸ್ಸಾಗಿ ಬೆಳೆಯಿತು. ಹಾರ್ಮೋನಿನ ಆಜ್ಞೆ ಕೋಶಚಕ್ರವನ್ನು ಮುಟ್ಟುವ ಜಾಗ ಯಾವುದೆಂಬುದು ಅದರಿಂದ ತಿಳಿಯಿತು. ಆಕ್ಸಿನ್ ಎಂಬ ಮತ್ತೊಂದು ಹಾರ್ಮೋನು ಸಿಡಿಕೆಯ ಪ್ರಮಾಣವನ್ನು ಹೆಚ್ಚಿಸುತ್ತದೆ, ಕೆಲವು ಕೆಆರ್‌ಪಿಗಳನ್ನು ತಗ್ಗಿಸುತ್ತದೆ, ಇ2ಎಫ್‌ನ ಒಂದು ರೂಪ ಒಡೆದುಹೋಗದಂತೆ ಕಾಯುತ್ತದೆ. ಎರಡೂ ಇದ್ದರೆ ಕೋಶ ಎರಡಾಗುತ್ತದೆ. ಫೋಕ್ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ 1957ರಲ್ಲಿ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದು ಇದನ್ನೇ: ಆಕ್ಸಿನ್ ಹೆಚ್ಚಾದರೆ ಬೇರು, ಸೈಟೊಕೈನಿನ್ ಹೆಚ್ಚಾದರೆ ಚಿಗುರು, ಎರಡೂ ಹದವಾಗಿ ಬೆರೆತರೆ ರೂಪವಿಲ್ಲದ ಕ್ಯಾಲಸ್.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಡಿ3 ಸೈಕ್ಲಿನ್ ಬಹಳ ಅಲ್ಪಾಯು. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕೋಶ ಅದನ್ನು ಒಡೆದುಹಾಕತೊಡಗುತ್ತದೆ. ಆದುದರಿಂದ ಹಾರ್ಮೋನಿನ ಪೂರೈಕೆ ನಿಂತರೆ ಸೈಕ್ಲಿನ್ ಬೇಗನೆ ಇಲ್ಲವಾಗುತ್ತದೆ, ಕೋಶ ಮತ್ತೆ ಸುಮ್ಮನಾಗುತ್ತದೆ. ಗಾಯ ಮಾಗಿದ ಮೇಲೆ ಕ್ಯಾಲಸ್ ತಾನಾಗಿ ನಿಲ್ಲುವುದು ಇಂಥ ಏರ್ಪಾಡಿನಿಂದಲೇ. ಗಂಟು ನಿಲ್ಲದೆ ಬೆಳೆಯಬೇಕಾದರೆ ಪೂರೈಕೆ ಎಂದೂ ನಿಲ್ಲಬಾರದು.

ಚಕ್ರದ ಮುಂದಿನ ಭಾಗವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಡಿಎನ್‌ಎ ನಕಲಾದ ಮೇಲೆ ಎ ಮತ್ತು ಬಿ ಬಗೆಯ ಸೈಕ್ಲಿನ್ನುಗಳು ಸಿಡಿಕೆಗಳನ್ನು ಕೂಡಿಕೊಂಡು ಕೋಶವನ್ನು ವಿಭಜನೆಗೆ ತಳ್ಳುತ್ತವೆ. ವರ್ಣತಂತುಗಳು ಬೇರ್ಪಡುವ ಹೊತ್ತಿಗೆ ಎಪಿಸಿ ಎಂಬ ಪ್ರೋಟೀನು ಸಂಕೀರ್ಣ ಬಿ ಸೈಕ್ಲಿನ್ನಿಗೆ ನಾಶದ ಗುರುತು ಹಾಕುತ್ತದೆ. ಬಳಿಕ ಎರಡು ಹೊಸ ಕೋಶಕೇಂದ್ರಗಳ ನಡುವೆ ಗೋಡೆ ಕಟ್ಟಿಕೊಳ್ಳುತ್ತದೆ. ಗೋಡೆ ಯಾವ ದಿಕ್ಕಿಗೆ ಬೀಳಬೇಕೆಂಬುದನ್ನು ವಿಭಜನೆಗೆ ಮೊದಲೇ ಕೋಶದ ಅಂಚಿನಲ್ಲಿ ಸುತ್ತಿಕೊಳ್ಳುವ ಸೂಕ್ಷ್ಮನಾಳಗಳ ಪಟ್ಟಿಯೊಂದು ಗುರುತಿಸಿರುತ್ತದೆ. ಕ್ಯಾಂಬಿಯಂನಲ್ಲಿ ಹೆಚ್ಚಿನ ಗೋಡೆಗಳು ಕಾಂಡದ ಮೇಲ್ಮೈಗೆ ಸಮಾಂತರವಾಗಿ ಬೀಳುವುದರಿಂದಲೇ ಕೋಶಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ಗಂಟಿನ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ ತೆಳುವಾಗಿ ಕೊಯ್ದು ಬಣ್ಣ ಹಾಕಿ ನೋಡಿದಾಗ ಆ ಸಾಲು ಮುರಿದಿತ್ತು: ಒಂದು ಕೋಶದಲ್ಲಿ ವರ್ಣತಂತುಗಳು ಅಡ್ಡಕ್ಕೆ, ಪಕ್ಕದ್ದರಲ್ಲಿ ಉದ್ದಕ್ಕೆ, ಮತ್ತೊಂದರಲ್ಲಿ ಓರೆಯಾಗಿ ನಿಂತಿದ್ದವು. ಆದರೆ ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ನೋಡಿದರೆ ವಿಭಜನೆಯ ಹಂತಗಳು ಪಠ್ಯಪುಸ್ತಕದಲ್ಲಿರುವಂತೆಯೇ ನಡೆಯುತ್ತಿದ್ದವು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಬಹಳ ಮುಖ್ಯವಾಗಿ ಕಂಡದ್ದು ಇದು. ವಿಭಜನೆಯ ಯಂತ್ರ ಕೆಟ್ಟಿರಲಿಲ್ಲ.

ಬ್ಯಾಕ್ಟೀರಿಯ ಒಳಗೆ ಬಿಟ್ಟುಹೋದದ್ದು

ಆಗ್ರೊಬ್ಯಾಕ್ಟೀರಿಯಂ ಗಿಡದ ಕೋಶದೊಳಗೆ ತಾನು ಹೋಗುವುದಿಲ್ಲ. ತನ್ನ ಡಿಎನ್‌ಎಯ ಒಂದು ತುಂಡನ್ನು ಕಳಿಸುತ್ತದೆ. ಗಂಟು ತರುವ ಶಕ್ತಿ ಅದರ ವರ್ಣತಂತುವಿನ ಹೊರಗಿರುವ ಡಿಎನ್‌ಎ ಉಂಗುರವಾದ ದೊಡ್ಡದೊಂದು ಪ್ಲಾಸ್ಮಿಡ್‌ನಲ್ಲಿದೆ ಎಂಬುದನ್ನು 1974ರಲ್ಲಿ ಬೆಲ್ಜಿಯಮ್ಮಿನ ಘೆಂಟ್‌ನಲ್ಲಿ ಯೋಸೆಫ್ ಶೆಲ್, ಮಾರ್ಕ್ ವಾನ್ ಮಾಂಟಗು ಮತ್ತು ಸಂಗಡಿಗರು ತೋರಿಸಿದರು. ಆ ಪ್ಲಾಸ್ಮಿಡ್‌ನ ಒಂದು ಭಾಗ ಗಂಟಿನ ಕೋಶಗಳ ಡಿಎನ್‌ಎಯಲ್ಲಿಯೇ ಸೇರಿಕೊಂಡಿರುತ್ತದೆ ಎಂಬುದನ್ನು 1977ರಲ್ಲಿ ಮೇರಿ-ಡೆಲ್ ಚಿಲ್ಟನ್ ಮತ್ತು ಅವರ ಸಹೋದ್ಯೋಗಿಗಳು ಸಾಬೀತು ಮಾಡಿದರು. ಆ ಭಾಗಕ್ಕೆ ಟಿ-ಡಿಎನ್‌ಎ ಎಂದು ಹೆಸರು. ಬಿಟಿ ಹತ್ತಿಯಂಥ ಕುಲಾಂತರಿ ಬೆಳೆಗಳ ವಿದ್ಯೆಗೆ ದಾರಿ ತೆರೆದದ್ದೂ ಇದೇ ಶೋಧ.

ಟಿ-ಡಿಎನ್‌ಎಯಲ್ಲಿರುವ ಮೂರು ವಂಶವಾಹಿಗಳು ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತವೆ. ಮೊದಲ ಎರಡು ಸೇರಿ, ಗಿಡದಲ್ಲಿ ಸಹಜವಾಗಿ ಇರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಎರಡು ಹೆಜ್ಜೆಗಳಲ್ಲಿ ಆಕ್ಸಿನ್ನಾಗಿ ಮಾರ್ಪಡಿಸುವ ಕಿಣ್ವಗಳನ್ನು ತಯಾರಿಸುತ್ತವೆ. ಮೂರನೆಯದಾದ ಐಪಿಟಿ ಸೈಟೊಕೈನಿನ್ ತಯಾರಿಕೆಯ ಮೊದಲ ಕಿಣ್ವವನ್ನು ಕೊಡುತ್ತದೆ. ಗಿಡದ ಸ್ವಂತ ಹಾರ್ಮೋನು ತಯಾರಿಕೆಗೆ ಅಂಕೆಯಿದೆ, ಸಾಕಷ್ಟಾದರೆ ಕಡಿಮೆಯಾಗುತ್ತದೆ. ಹೊರಗಿನಿಂದ ಬಂದ ಈ ವಂಶವಾಹಿಗಳು ಆ ಅಂಕೆಗೆ ಒಳಪಟ್ಟಿಲ್ಲ. ಇವುಗಳ ಜೊತೆಗೆ, ಓಪೈನ್ ಎಂಬ ವಸ್ತುಗಳನ್ನು ತಯಾರಿಸುವ ವಂಶವಾಹಿಯೂ ಬರುತ್ತದೆ. ಗಿಡಕ್ಕೆ ಅದರಿಂದ ಉಪಯೋಗವಿಲ್ಲ, ಹೊರಗಿರುವ ಆಗ್ರೊಬ್ಯಾಕ್ಟೀರಿಯಂಗೆ ಅದು ಆಹಾರ.

ಸ್ಕೂಗ್ ಮತ್ತು ಮಿಲ್ಲರ್ ಪ್ರಯೋಗದ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಆಕ್ಸಿನ್ ವಂಶವಾಹಿಗಳನ್ನು ಕೆಡಿಸಿದ ಬ್ಯಾಕ್ಟೀರಿಯ ತಂಬಾಕಿನಲ್ಲಿ ಚಿಗುರು ಒಡೆಯುವ ಗಂಟುಗಳನ್ನು ತರುತ್ತದೆ. ಐಪಿಟಿಯನ್ನು ಕೆಡಿಸಿದರೆ ಬೇರು ಬಿಡುವ ಗಂಟು ಬರುತ್ತದೆ. ಮೂರೂ ಸರಿಯಿದ್ದಾಗ ಯಾವ ಅಂಗವೂ ಆಗದ ಗಡ್ಡೆ. ಹೀಗೆ ಗಂಟಿನ ಕೋಶದಲ್ಲಿ ಸೈಟೊಕೈನಿನ್ ಸದಾ ಇರುವುದರಿಂದ ಡಿ ಸೈಕ್ಲಿನ್ ಸದಾ ಹುಟ್ಟುತ್ತದೆ, ಆಕ್ಸಿನ್ ಸದಾ ಇರುವುದರಿಂದ ಸಿಡಿಕೆ ಸಾಕಷ್ಟಿರುತ್ತದೆ, ಆರ್‌ಬಿಆರ್ ಮತ್ತೆ ಮತ್ತೆ ಫಾಸ್ಫೇಟ್ ಹೊತ್ತು ಇ2ಎಫ್‌ನ್ನು ಬಿಟ್ಟುಕೊಡುತ್ತದೆ. ತಡೆ ಪ್ರೋಟೀನುಗಳ ವಂಶವಾಹಿಗಳಿಗೆ ಏನೂ ಆಗಿಲ್ಲ. ಮನುಷ್ಯರ ಅನೇಕ ಕ್ಯಾನ್ಸರುಗಳಲ್ಲಿ ಆರ್‌ಬಿ ವಂಶವಾಹಿಯೇ ಹಾಳಾಗಿರುತ್ತದೆ. ಗುಲಾಬಿಯ ಗಂಟಿನಲ್ಲಿ ತಡೆ ಇದ್ದೂ, ಅದನ್ನು ಸಡಿಲಿಸುವ ಆಜ್ಞೆ ನಿಲ್ಲದೆ ಬರುತ್ತಿರುತ್ತದೆ. ಈ ವ್ಯತ್ಯಾಸ ದೊಡ್ಡದು. ಅಮೆರಿಕದ ಆರ್ಮಿನ್ ಬ್ರೌನ್ 1959ರಲ್ಲಿ, ತಂಬಾಕಿನ ಗಂಟಿನಿಂದ ಎದ್ದ ವಿಕೃತ ಚಿಗುರುಗಳನ್ನು ಆರೋಗ್ಯವಂತ ಗಿಡಗಳ ಮೇಲೆ ಒಂದಾದ ಮೇಲೊಂದರಂತೆ ಕಸಿ ಮಾಡುತ್ತ ಹೋಗಿ, ಕೊನೆಗೆ ಹೂ ಬಿಟ್ಟು ಬೀಜ ಕಟ್ಟುವ ಸಹಜ ಚಿಗುರುಗಳನ್ನು ಪಡೆದರು. ಯಂತ್ರವೇ ಮುರಿದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಇದೇ ತಡೆಯನ್ನು ಬೇರೆ ದಾರಿಯಿಂದ ಮುಟ್ಟುವ ರೋಗಾಣುಗಳೂ ಇವೆ. ಪುಣೆ ಜಿಲ್ಲೆಯದೇ ಆದ ನಾರಾಯಣಗಾಂವದ ಟೊಮೆಟೊ ಬೆಳೆಗಾರರಿಗೆ ಎಲೆ ಮುದುಡು ರೋಗ ಹೊಸದಲ್ಲ. ಅದನ್ನು ತರುವ ಜೆಮಿನಿವೈರಸ್ಸುಗಳಿಗೆ ತಮ್ಮ ಡಿಎನ್‌ಎ ನಕಲು ಮಾಡಲು ಗಿಡದ ಕಿಣ್ವಗಳೇ ಬೇಕು. ಅದಕ್ಕಾಗಿ ಆ ವೈರಸ್ಸುಗಳ ಒಂದು ಪ್ರೋಟೀನು ನೇರವಾಗಿ ಆರ್‌ಬಿಆರ್‌ಗೇ ಅಂಟಿಕೊಂಡು, ವಿಭಜನೆ ನಿಲ್ಲಿಸಿದ ಕೋಶದಲ್ಲಿಯೂ ನಕಲು ಯಂತ್ರವನ್ನು ಎಬ್ಬಿಸುತ್ತದೆ.

ಬ್ಯಾಕ್ಟೀರಿಯ ಇಲ್ಲದ ಗಂಟು

ಬ್ಯಾಕ್ಟೀರಿಯ ಸತ್ತರೂ ಗಂಟು ಬೆಳೆಯುತ್ತದೆ ಎಂಬುದು ಟಿ-ಡಿಎನ್‌ಎ ಪತ್ತೆಯಾಗುವುದಕ್ಕೆ ಬಹಳ ಮೊದಲೇ ತಿಳಿದಿತ್ತು. 1942ರಲ್ಲಿ ಫಿಲಿಪ್ ವೈಟ್ ಮತ್ತು ಬ್ರೌನ್ ಸೂರ್ಯಕಾಂತಿಯ ಗಂಟುಗಳಿಂದ ಬ್ಯಾಕ್ಟೀರಿಯವಿಲ್ಲದ ಅಂಗಾಂಶವನ್ನು ಬೇರ್ಪಡಿಸಿ ಬೆಳೆಸಿದರು. ಮುಂದೆ ಬ್ರೌನ್ ಬಳಸಿದ್ದು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪವನ್ನು. ಈ ಗಿಡ ಬ್ಯಾಕ್ಟೀರಿಯ ಸಾಯುವಷ್ಟು ಬಿಸಿಯನ್ನು ತಾನು ತಡೆದುಕೊಳ್ಳುತ್ತದೆ. ಬಿಸಿಗೆ ಬ್ಯಾಕ್ಟೀರಿಯ ನಾಶವಾದ ಮೇಲೂ ಗಂಟು ಬೆಳೆಯಿತು.

ತೋಟದವರು ಕಣ್ಣಾರೆ ನೋಡಲಿ ಎಂಬ ಉದ್ದೇಶದಿಂದ ನಾವು ಇದರ ಸರಳ ರೂಪವೊಂದನ್ನು ಮಾಡಿದೆವು. ಎಳೆಯ ಗಂಟಿನ ಒಳಗಿನ ತುಣುಕುಗಳನ್ನು ಶುದ್ಧಗೊಳಿಸಿ, ಆಗ್ರೊಬ್ಯಾಕ್ಟೀರಿಯಂ ಕೊಲ್ಲುವ ಸೆಫೊಟ್ಯಾಕ್ಸಿಮ್ ಬೆರೆಸಿದ, ಆದರೆ ಯಾವ ಹಾರ್ಮೋನನ್ನೂ ಸೇರಿಸದ ಮುರಾಶಿಗೆ-ಸ್ಕೂಗ್ ಎಂಬ ಪೋಷಕ ಮಾಧ್ಯಮದ ಮೇಲೆ ಇಟ್ಟೆವು. ಪಕ್ಕದ ಸೀಸೆಗಳಲ್ಲಿ ಅದೇ ತಳಿಯ ಆರೋಗ್ಯವಂತ ಕಾಂಡದ ತುಣುಕುಗಳು. ಗುಲಾಬಿಯ ಅಂಗಾಂಶ ಕೊಯ್ದ ಕೂಡಲೇ ಕಪ್ಪಾಗುವ ಸ್ವಭಾವದ್ದಾದ್ದರಿಂದ ಎರಡೂ ಕಡೆ ಕೆಲವು ತುಣುಕುಗಳು ಸತ್ತವು. ಉಳಿದವುಗಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು: ಆರೋಗ್ಯವಂತ ಕಾಂಡದ ತುಣುಕುಗಳು ಅಂಚಿನಲ್ಲಿ ಸ್ವಲ್ಪ ಉಬ್ಬಿ ನಿಂತವು, ಗಂಟಿನ ತುಣುಕುಗಳು ತಿಳಿಹಸಿರು ಗಡ್ಡೆಗಳಾಗಿ ಬೆಳೆದವು, ಹೊಸ ಸೀಸೆಗೆ ಬದಲಾಯಿಸಿದ ಮೇಲೂ ಬೆಳೆದವು. ಸೀಸೆಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ, ಇನ್ನೊಂದು ಬಗೆಯ ಔಷಧ ತಂದು ಹೊಡೆಯಬೇಕೆಂಬ ಮಾತು ತೋಟದಲ್ಲಿ ಮತ್ತೆ ಬರಲಿಲ್ಲ.

ಗಾಯದ ಮೊದಲ ದಿನಗಳು

ಗಂಟಾದ ಮೇಲೆ ಚಿಕಿತ್ಸೆಯಿಲ್ಲ ಎಂದಾದರೆ ತಡೆಯುವ ಕಾಲ ಯಾವುದು ಎಂಬುದು ಮುಂದಿನ ಪ್ರಶ್ನೆ. ಗಾಯಗೊಂಡ ಅಂಗಾಂಶದಿಂದ ಅಸಿಟೊಸಿರಿಂಗೋನ್‌ನಂಥ ಫೀನಾಲು ಎಂಬ ರಾಸಾಯನಿಕಗಳು ಒಸರುತ್ತವೆ. ಬ್ಯಾಕ್ಟೀರಿಯದ ವಿರ್-ಎ ಎಂಬ ಪ್ರೋಟೀನು ಅವುಗಳನ್ನು ಗ್ರಹಿಸಿದಾಗಲೇ ಟಿ-ಡಿಎನ್‌ಎ ಕತ್ತರಿಸಿ ಸಾಗಿಸುವ ಏರ್ಪಾಡು ಎಚ್ಚರಗೊಳ್ಳುತ್ತದೆ. ಇದೇ ಹೊತ್ತಿಗೆ, ಗಾಯವನ್ನು ಮುಚ್ಚಲೆಂದು ಗಿಡ ತನ್ನ ಸುಮ್ಮನಿದ್ದ ಕೋಶಗಳನ್ನು ವಿಭಜನೆಗೆ ಬಿಟ್ಟಿರುತ್ತದೆ. ಪೆಟೂನಿಯಾದ ಕೋಶಗಳಲ್ಲಿ ನಡೆಸಿದ ಪ್ರಯೋಗಗಳು, ಜಿ1ರಲ್ಲಿಯೇ ಕಟ್ಟಿಹಾಕಿದ ಕೋಶಗಳಿಗೆ ಟಿ-ಡಿಎನ್‌ಎ ಸೇರುವುದಿಲ್ಲ, ಡಿಎನ್‌ಎ ನಕಲು ನಡೆಯುವ ಹಂತ ಅದಕ್ಕೆ ಬೇಕು ಎಂಬುದನ್ನು ತೋರಿಸಿವೆ. ಬ್ರೌನ್ ಕಂಡಂತೆ ಗಾಯದ ಎರಡು ಮೂರು ದಿನಗಳಲ್ಲಿ ಅಂಗಾಂಶ ಹೆಚ್ಚು ತುತ್ತಾಗುವ ಸ್ಥಿತಿಯಲ್ಲಿರುತ್ತದೆ, ಗಾಯ ಮಾಗುತ್ತಿದ್ದಂತೆ ಆ ಸ್ಥಿತಿ ಇಲ್ಲವಾಗುತ್ತದೆ. ಉಷ್ಣತೆಯೂ ಇಲ್ಲಿ ಮುಖ್ಯ: ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಸಾಗಾಟ ಕುಗ್ಗುತ್ತದೆ, 20ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಮಾವಳದ ಮಳೆಗಾಲ ತಿಂಗಳುಗಟ್ಟಲೆ ಇದಕ್ಕೆ ಹೇಳಿಮಾಡಿಸಿದ ಹವೆಯನ್ನು ಕೊಡುತ್ತದೆ, ಒದ್ದೆಯನ್ನೂ ಕೊಡುತ್ತದೆ.

ಗುಲಾಬಿ ತೋಟದಲ್ಲಿ ಗಾಯವಿಲ್ಲದ ದಿನವಿಲ್ಲ. ಹೂ ಕೊಯ್ಲು ದಿನವೂ ನಡೆಯುತ್ತದೆ, ಒಂದೇ ಕತ್ತರಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ. ಕಸಿ ಮಾಡುವ ಸಮಯವಂತೂ ದೊಡ್ಡ ಗಾಯದ ಸಮಯ. ಗಂಟುಗಳಲ್ಲಿ ಹೆಚ್ಚಿನವು ಕಸಿಯ ಸಂದಿಯಲ್ಲಿಯೇ ಇದ್ದುದರಿಂದಲೂ, ಅದೇ ನೀರು ಅದೇ ಕೊಕೊಪೀಟಿನಲ್ಲಿದ್ದ ಹಳೆಯ ಬೆಡ್ಡುಗಳು ಆರೋಗ್ಯವಾಗಿದ್ದುದರಿಂದಲೂ, ರೋಗ ಸಸಿಗಳ ಜೊತೆಯಲ್ಲಿಯೇ ಬಂದದ್ದೆಂದು ತೀರ್ಮಾನಿಸಬೇಕಾಯಿತು. ಕೊಂಬೆಯ ತಿರುವಿನ ಗಂಟುಗಳು ಆ ಮೇಲೆ ತೋಟದೊಳಗೆ ಕತ್ತರಿ ಮತ್ತು ಕೈಗಳ ಮೂಲಕ ಹಬ್ಬಿದವು. ಸಸಿ ಕೊಟ್ಟವರು ಕಸಿಯ ಸಂದಿ ಉಬ್ಬಿರುವುದು ಸಹಜವೆಂದು ಹೇಳಿ ಕಳಿಸಿದ್ದರು. ಆ ಒಂದು ಮಾತಿನಿಂದ ಈ ಕುಟುಂಬ ಒಂದು ವರ್ಷದ ದುಡಿಮೆ ಕಳೆದುಕೊಂಡಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕೈಗೊಂಡ ಕ್ರಮಗಳು ಮತ್ತು ಫಲಿತಾಂಶ

ಡಿಸೆಂಬರಿನಲ್ಲಿ, ಫೆಬ್ರುವರಿಯ ಹೂವಿಗಾಗಿ, ಇಡೀ ತೋಟದ ಗಿಡಗಳನ್ನು ಒಟ್ಟಿಗೆ ಸವರುತ್ತಾರೆ. ಸಾವಿರಾರು ಹೊಸ ಗಾಯಗಳು ಒಂದೇ ವಾರದಲ್ಲಿ ಆಗುವ ಕಾಲ ಅದು. ರೋಗದ ಗಿಡಗಳು ಅಷ್ಟರೊಳಗೆ ಹೊರಗೆ ಹೋಗಬೇಕೆಂದು ನಿರ್ಧರಿಸಲಾಯಿತು. ಕಸಿಯ ಸಂದಿಯಲ್ಲಿ ಗಂಟಿದ್ದ ಗಿಡಗಳನ್ನು ಕುಂಡದ ಕೊಕೊಪೀಟ್ ಸಮೇತ ತೆಗೆದು ಸುಡಲಾಯಿತು. ಗೊಬ್ಬರದ ಗುಂಡಿಗೆ ಒಂದನ್ನೂ ಹಾಕಲಿಲ್ಲ. ಬಾಗಿಸಿದ ಕೊಂಬೆಯಲ್ಲಿ ಮಾತ್ರ ಗಂಟಿದ್ದ ಗಿಡಗಳ ವಿಷಯದಲ್ಲಿ ಚರ್ಚೆಯಾಯಿತು. ಸಸ್ಯಕೋಶಗಳು ಗೋಡೆಗಳಿಂದ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಂಟಿನ ಕೋಶಗಳು ಕಳಚಿಕೊಂಡು ಬೇರೆಡೆಗೆ ಹೋಗಿ ನೆಲೆಸುವುದಿಲ್ಲ. ಆದುದರಿಂದ ಕೊಂಬೆಯನ್ನು ಗಂಟಿಗಿಂತ ಸಾಕಷ್ಟು ಕೆಳಗೆ ಕತ್ತರಿಸಿದರೆ ಆ ಗಂಟು ಮುಗಿಯುತ್ತದೆ. ಆದರೆ ಗುಲಾಬಿಯಲ್ಲಿ ಬ್ಯಾಕ್ಟೀರಿಯವೇ ನೀರುಗೊಳವೆಗಳ ಮೂಲಕ ಮೇಲೆ ಸಾಗಬಲ್ಲದು, ಹೊರಗೆ ಏನೂ ಕಾಣದೆ ಕುಳಿತಿರಬಲ್ಲದು. ಅವನ್ನೂ ಕೀಳುವುದು ಲೇಸೆಂದು ನನ್ನ ಅಭಿಪ್ರಾಯವಾಗಿತ್ತು. ಹೂವಿನ ಹಂಗಾಮು ಹತ್ತಿರವಿದ್ದುದರಿಂದ ತೋಟದವರು ಕೊಂಬೆ ಕತ್ತರಿಸಿ, ಗಿಡಕ್ಕೆ ಹಳದಿ ಟೇಪು ಕಟ್ಟಿ ಉಳಿಸಿಕೊಂಡರು. ಅವರ ನಷ್ಟವನ್ನು ನೋಡಿದವನಾಗಿ ಆ ತೀರ್ಮಾನವನ್ನು ನಾನು ಅಲ್ಲಗಳೆಯಲಿಲ್ಲ.

ಕೊಯ್ಲಿನ ಕ್ರಮ ಬದಲಾಯಿತು. ಪ್ರತಿಯೊಬ್ಬ ಕೆಲಸಗಾರರಿಗೆ ಎರಡೆರಡು ಕತ್ತರಿ: ಒಂದು ಕೈಯಲ್ಲಿ, ಇನ್ನೊಂದು ಸ್ಪಿರಿಟ್ಟಿನ ಡಬ್ಬಿಯಲ್ಲಿ; ಕುಂಡದ ಸಾಲು ಬದಲಾದಾಗ ಕತ್ತರಿಯೂ ಬದಲು. ಟೇಪಿನ ಗಿಡಗಳ ಕೊಯ್ಲು ದಿನದ ಕೊನೆಗೆ. ಬೆಂಡಿಂಗನ್ನು ಗಿಡ ಒದ್ದೆಯಿಲ್ಲದ ಹೊತ್ತಿನಲ್ಲಿ, ಎರಡು ಕೈಯಿಂದ ನಿಧಾನವಾಗಿ ಮಾಡಬೇಕು; ತೊಗಟೆ ಸೀಳಿದರೆ ಅಂದೇ ಆ ಜಾಗಕ್ಕೆ ತಾಮ್ರದ ಮುಲಾಮು ಬಳಿಯಬೇಕು. ತಿಂಗಳಿಗೊಮ್ಮೆ ಎಲ್ಲ ಗಿಡಗಳಿಗೂ ಸುರಿಯುತ್ತಿದ್ದ ತಾಮ್ರಕ್ಕಿಂತ, ಗಾಯವಾದ ದಿನ ಗಾಯದ ಮೇಲೆ ಬಳಿದ ಚೂರು ತಾಮ್ರಕ್ಕೆ ಹೆಚ್ಚು ಬೆಲೆ. ಕುಂಡಗಳಿಂದ ಬಸಿದ ನೀರನ್ನು ಮತ್ತೆ ಬಳಸುವುದನ್ನು ನಿಲ್ಲಿಸಲಾಯಿತು. ಆಸ್ಟ್ರೇಲಿಯದ ಆ್ಯಲನ್ ಕೆರ್ 1970ರ ದಶಕದಲ್ಲಿ ಬಳಕೆಗೆ ತಂದ ಕೆ84 ಎಂಬ ಉಪಕಾರಿ ಬ್ಯಾಕ್ಟೀರಿಯದ ವಿಚಾರವೂ ಬಂತು. ಅದು ತಯಾರಿಸುವ ಆಗ್ರೊಸಿನ್ ಎಂಬ ವಸ್ತು ರೋಗದ ಬ್ಯಾಕ್ಟೀರಿಯದ ಕೆಲವು ಬಗೆಗಳನ್ನು ಮಾತ್ರ ಕೊಲ್ಲುತ್ತದೆ. ಅಲ್ಲದೆ ಸೋಂಕು ತಗಲುವ ಮೊದಲೇ, ಸಸಿಯ ಗಾಯಗಳನ್ನು ಅದರಲ್ಲಿ ಅದ್ದಿರಬೇಕು. ನೆಟ್ಟು ವರ್ಷವಾದ ಗಿಡಗಳಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಹೊಸ ಸಸಿಗಳನ್ನು ಬೇರೆ ಕಡೆಯಿಂದ ತರಿಸಿ, ಕಸಿಯ ಸಂದಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಒಳಗೆ ಬಿಟ್ಟರು. ಸಂದಿಯ ಉಬ್ಬು ನಯವಾಗಿ ಸುತ್ತಲೂ ಸಮನಾಗಿದ್ದರೆ ಅದು ಕ್ಯಾಲಸ್. ಒಂದೇ ಪಕ್ಕಕ್ಕೆ ಹರಳು ಹರಳಾಗಿ ಎದ್ದಿದ್ದರೆ ಸಂಶಯಪಟ್ಟು ತೆಗೆದಿಡಬೇಕು ಎಂಬ ಗುರುತನ್ನು ಕೊಯ್ಲಿನ ಹೆಣ್ಣುಮಕ್ಕಳು ಬೇಗ ಕಲಿತರು. ಅವರಲ್ಲಿ ಒಬ್ಬಿಬ್ಬರ ಕಣ್ಣು ನನ್ನ ವಿದ್ಯಾರ್ಥಿಗಳಿಗಿಂತ ಚುರುಕು. ಆ ಬೆಡ್ಡುಗಳಲ್ಲಿ ಮುಂದಿನ ಮಳೆಗಾಲ ಗಂಟು ಕಾಣಿಸಲಿಲ್ಲ. ಟೇಪು ಕಟ್ಟಿದ ಗಿಡಗಳಲ್ಲಿ ಕೆಲವು ಅದೇ ಮಳೆಗಾಲದಲ್ಲಿ, ಈ ಸಲ ಬುಡದಲ್ಲಿಯೇ, ಮತ್ತೆ ಗಂಟು ತೋರಿದವು. ಅವನ್ನು ಅಂದೇ ಕಿತ್ತರು. ಉಳಿದವು ಹೂ ಕೊಡುತ್ತಿವೆ, ಅವುಗಳ ಕತ್ತರಿಯನ್ನು ಈಗಲೂ ಬೇರೆಯಾಗಿಯೇ ಇಟ್ಟಿದ್ದಾರೆ.